ಡಾಕ್ಟರವ್ವನ ಬಾವಿ

ಆ ದಿನ ಬೆಳಗ್ಗೆ ಮೂಡಗಾಳಿ ಬೀಸುತ್ತಿತ್ತು. ನಮ್ಮೂರಲ್ಲಿ ಮೂಡಗಾಳಿ ಎಂದರೆ ತುಟಿ ಒಡೆಸುವ ಗಾಳಿ, ಹಗ್ಗಕ್ಕೆ ಹರವಿದ ನೂಲನ್ನು ಗಳಿಗೆಯೊಳಗೆ ಒಣಗಿಸಿ ಗರಿಗರಿ ಮಾಡುವ ಗಾಳಿ. ಆಕಾಶದಲ್ಲಿ ಮೋಡದ ಒಂದು ಎಳೆಯೂ ಇರಲಿಲ್ಲ. ನಾನು ಹಣೆಗೆ ಈಬತ್ತಿ ಹಚ್ಚಿ, ಶಿವನ ಹೆಸರು ಹೇಳಿಕೊಂಡು, ಎಂದಿನಂತೆ ಅಳತೆಯ ಬಿದಿರಿನ ಗಳವನ್ನು ಹೆಗಲ ಮೇಲಿಟ್ಟುಕೊಂಡು ಚಂದ್ರಮತಿ ಡಾಕ್ಟರ ಹಿತ್ತಲಿಗೆ ಹೋದೆ. ಗಳ ಇಳಿಸಿ ನೋಡಿದರೆ ಬಾವಿಯ ನೀರು ನಿನ್ನೆಗಿಂತ ಹನ್ನೊಂದು ಬೆರಳು ಮೇಲೆ ಬಂದಿತ್ತು. ಒಂದೇ ದಿನಕ್ಕೆ ಹನ್ನೊಂದು ಬೆರಳು ಏರಿದ್ದನ್ನು ನಾನು ಕಂಡಿರಲಿಲ್ಲ. ಕಟ್ಟೆಯ ಅಂಚಿಗೆ ಇನ್ನು ಒಂದು ಮೊಳ ಉಳಿದಿತ್ತು, ಅಷ್ಟೇ.

ನಮ್ಮೂರಿನ ಬಾವಿಗಳು ಮಳೆಯನ್ನು ನಂಬಿಕೊಂಡಿಲ್ಲ. ನೀವು ಬರೆದ ಮಾತೊಂದನ್ನು ಲೋಕದ ಯಾವ ಮೂಲೆಯಲ್ಲಾದರೂ ಯಾರಾದರೂ ನಿಮ್ಮ ಹೆಸರು ಹೇಳಿ ತಮ್ಮ ಬರಹದಲ್ಲಿ ಎತ್ತಿಕೊಂಡರೆ, ನಿಮ್ಮ ಮನೆಯ ಬಾವಿಯಲ್ಲಿ ಒಂದು ಬೆರಳು ನೀರು ಏರುತ್ತದೆ. ಎಷ್ಟು ಸೇದಿದರೂ ಮರುದಿನ ಬೆಳಗಿಗೆ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹೆಣ್ಣು ಕೊಡುವವರು ಮೊದಲು ಹಿತ್ತಲಿಗೆ ಹೋಗಿ ಬಾವಿ ಬಗ್ಗಿ ನೋಡಿ ಆಮೇಲೆ ಪಡಸಾಲೆಗೆ ಬಂದು ಕೂರುತ್ತಾರೆ. ಪಂಚಾಂಗ ಬರೆಯುವ ಶೇಷಾಚಾರ್ಯರ ಬಾವಿ ಪ್ರತಿ ಯುಗಾದಿಗೆ ಉಕ್ಕಿ ಅಂಗಳಕ್ಕೆ ಬರುತ್ತದೆ. ತನ್ನ ಮಾತನ್ನು ತಾನೇ ಎತ್ತಿಕೊಂಡರೆ ಒಂದು ಹನಿಯೂ ಏರದು, ಬಹಳ ಮಂದಿ ಮಾಡಿ ನೋಡಿದ್ದಾರೆ. ಹೈಸ್ಕೂಲಿನ ಇಬ್ಬರು ಮಾಸ್ತರರು ಒಪ್ಪಂದ ಮಾಡಿಕೊಂಡು ಇವರ ಮಾತನ್ನು ಅವರು, ಅವರ ಮಾತನ್ನು ಇವರು ಬರೆಯತೊಡಗಿದರು. ನೀರೇನೋ ಬಂತು, ಸವಳು ನೀರು. ಬೇಳೆ ಬೇಯಲಿಲ್ಲ. ಇನ್ನು, ಬರೆದವರೇ ಮುಂದೆ ಬಂದು 'ನಾನು ಬರೆದದ್ದು ತಪ್ಪು' ಎಂದು ಅಚ್ಚು ಹಾಕಿಸಿದರೆ ಆ ಬರಹ ತಂದ ನೀರೆಲ್ಲ ಇಳಿದುಹೋಗುತ್ತದೆ. ಹಾಗೆ ಮಾಡಿದವನು ನನಗೆ ತಿಳಿದಂತೆ ಒಬ್ಬನೇ, ಹಾವಿನ ವಿಷಕ್ಕೆ ಬೇರು ಹೇಳುತ್ತಿದ್ದ ಪಂಡಿತ. ಅವನ ಬಾವಿಯಲ್ಲಿ ಈಗ ಆಡು ಕಟ್ಟುತ್ತಾರೆ.

ಚಂದ್ರಮತಿ ಡಾಕ್ಟರು ಇಪ್ಪತ್ತೆಂಟನೆಯ ವಯಸ್ಸಿಗೆ ಬೇರೆ ಊರಿಂದ ಬಂದು ಇಲ್ಲಿಯ ಲಿವರ್ ಆಸ್ಪತ್ರೆಗೆ ಸೇರಿದವರು. ನಾನು, ಪರ್ವತಯ್ಯ, ಅವರಲ್ಲಿ ರಿಜಿಸ್ಟರು ಬರೆಯುವವನು. ಬಾವಿಯ ಅಳತೆ ನಾನಾಗಿಯೇ ವಹಿಸಿಕೊಂಡ ಕೆಲಸ. ಅವರು ಮೊದಲು ಬರೆದದ್ದು ಬೂಷ್ಟು ಹಿಡಿದ ಶೇಂಗಾ ತಿಂದವರ ಲಿವರಿನಲ್ಲಿ ಗಡ್ಡೆ ಏಳುವ ಬಗ್ಗೆ. ಮೂರು ವರ್ಷ ಸಂತೆ ಸಂತೆ ತಿರುಗಿ, ಮೂಗಿಗೆ ಸೆರಗು ಕಟ್ಟಿಕೊಂಡು ಕಾಳು ಆರಿಸಿ ಬರೆದದ್ದು. ಅದಕ್ಕೆ ಏರಿದ್ದು ಏಳು ಬೆರಳು. ಆಮೇಲೂ ಬರೆದರು, ಒಟ್ಟು ಹನ್ನೆರಡು ಲೇಖನ. ಎಲ್ಲ ಸೇರಿ ಅರವತ್ತು ಬೆರಳು, ಒಂದು ಮನೆಯ ಖರ್ಚಿಗೆ ಸಾಕಾಗುವಷ್ಟು. ಅವರ ಓಣಿ ಬಣ್ಣಗಾರರ ಓಣಿ, ಕೆಳಗೆಲ್ಲ ಕರೀಕಲ್ಲು. ಓದುಬರಹ ಇಲ್ಲದ ಮಂದಿಯ ಬಾವಿಗಳು ಎಂದಿನಿಂದಲೂ ಒಣ. ನೂಲಿಗೆ ಬಣ್ಣ ಕಟ್ಟಲು ಹೆಂಗಸರು ಎರಡು ಹರದಾರಿ ದೂರದ ಹೊಳೆಯಿಂದ ನೀರು ಹೊರುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಡಾಕ್ಟರು ಹದಿಮೂರನೆಯ ಲೇಖನ ಬರೆದರು. ಲಿವರಿನ ಗಡ್ಡೆ ತೆಗೆಸಿಕೊಂಡ ನೂರಾ ಹದಿನೈದು ಮಂದಿಗೆ ನಮ್ಮ ಆಸ್ಪತ್ರೆಯಲ್ಲಿ ಒಂದು ಸಣ್ಣ ಬಿಳೀ ಗುಳಿಗೆ ಕೊಟ್ಟು ನೋಡಿಕೊಂಡೆವು. ಐದು ವರ್ಷದ ಮೇಲೆ ಅವರಲ್ಲಿ ಅರವತ್ತೆರಡು ಮಂದಿ ಬದುಕಿದ್ದರು, ಎಂದರೆ ನೂರಕ್ಕೆ ಐವತ್ತನಾಲ್ಕು. ಬೇರೆ ಕಡೆ ಗುಳಿಗೆ ಇಲ್ಲದೆ ನೂರಕ್ಕೆ ಮೂವತ್ತಾರೋ ಮೂವತ್ತೇಳೋ. ಹಾಗಾಗಿ ಈ ಗುಳಿಗೆ ತೆಗೆದುಕೊಳ್ಳುವವರಿಗೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಡ, ವರ್ಷಕ್ಕೊಮ್ಮೆ ಸಾಕು ಎಂದು ಬರೆದರು. ಲೋಕವೆಲ್ಲ ಆ ಮಾತನ್ನು ಎತ್ತಿಕೊಂಡಿತು. ಬಾವಿ ಏರಿತು, ಏರಿತು, ಸಾವಿರ ಬೆರಳು ದಾಟಿತು. ಡಾಕ್ಟರು ಹಿತ್ತಲ ಬಾಗಿಲನ್ನು ಕಿತ್ತೇ ತೆಗೆಸಿದರು. ನಲವತ್ತು ಮನೆಯವರು ಬಂದು ಸೇದಿಕೊಂಡರು. ಓಣಿಯಲ್ಲಿ ನೀಲಿ, ಕೆಂಪು, ಅರಿಸಿನದ ನೂಲು ಬೇಲಿ ಬೇಲಿಗೆ ತೂಗಿತು.

ಆ ಬೆಳಗ್ಗೆ ಹನ್ನೊಂದು ಬೆರಳಿನ ಸುದ್ದಿ ಹೇಳಲು ಆಸ್ಪತ್ರೆಗೆ ಹೋದರೆ ಡಾಕ್ಟರು ಕೈಯಲ್ಲಿ ಕಾಗದ ಹಿಡಿದು ನಗುತ್ತ ನಿಂತಿದ್ದರು. ದೂರದ ಬಂದರು ಊರಿನ ದೊಡ್ಡ ಡಾಕ್ಟರೊಬ್ಬರ ಕಾಗದ. ಅವರಲ್ಲಿ ನಾನೂರು ಮಂದಿ ರೋಗಿಗಳು. ಈ ಲೇಖನವನ್ನು ನೆಚ್ಚಿ, ಬರುವ ತಿಂಗಳ ಒಂದನೇ ತಾರೀಕಿನಿಂದ ಅವರಿಗೆಲ್ಲ ವರ್ಷಕ್ಕೊಂದೇ ಸ್ಕ್ಯಾನ್ ಎಂದು ಗೊತ್ತುಮಾಡಿದ್ದಾರೆ. ದಾಖಲೆಗಾಗಿ ನಮ್ಮ ನೂರಾ ಹದಿನೈದು ಮಂದಿಯ ಆಪರೇಷನ್ ನಂಬರು ಬೇಕು.

"ಪರ್ವತಯ್ಯ, ಶನಿವಾರ ಎಂಟಕ್ಕೆ ಟಪಾಲು ಗಾಡಿ. ಅದು ತಪ್ಪಿದರೆ ಒಂದನೇ ತಾರೀಕಿನೊಳಗೆ ಮುಟ್ಟುವುದಿಲ್ಲ. ಇವತ್ತು ಬುಧವಾರ. ಮಾಡ್ತೀಯಲ್ಲ?"

"ಮಾಡ್ತೀನ್ರಿ ಅಮ್ಮಾವ್ರ" ಎಂದೆ.

ರಿಜಿಸ್ಟರು ತೆಗೆದು ಮೊದಲ ಹತ್ತು ಹೆಸರು ಬರೆಯುವಷ್ಟರಲ್ಲಿ ಕೈ ನಿಂತುಹೋಯಿತು. ಆಪರೇಷನ್ ಒಬ್ಬರಿಗೆ ಒಂದೇ, ಹಾಳೆ ಮಾತ್ರ ಕೆಲವರಿಗೆ ಎರಡಿದ್ದವು.

ನಮ್ಮೂರಿನವರು ದೊಡ್ಡ ರೋಗ ಗೆದ್ದು ಬಂದರೆ ಹೆಸರು ಮಗುಚುತ್ತಾರೆ. ವರ್ಷ ಕಳೆದ ಮೇಲೆ ಗುಡಿಯ ಮೂರನೇ ಮೆಟ್ಟಿಲ ಮೇಲೆ ನಿಲ್ಲಿಸಿ ಅಯ್ಯನವರು ಹೊಸ ಹೆಸರಿಟ್ಟು ಕೂಗುತ್ತಾರೆ, ಕಲ್ಲವ್ವ, ಗುಂಡಪ್ಪ, ತಿಪ್ಪಣ್ಣ ಅಂತ ಯಾವ ರೋಗವೂ ಆಸೆಪಡದ ಹೆಸರು. ಹಳೆಯ ಹೆಸರಿರುವ ಕಾಗದ ಪತ್ರ ಏನಿದ್ದರೂ ಗೋಡೆಯ ಗೂಡಿನಲ್ಲಿಟ್ಟು ಮಣ್ಣು ಮೆತ್ತಿಬಿಡುತ್ತಾರೆ. ಸುಡುವಂತಿಲ್ಲ, ಸುಟ್ಟರೆ ಮನುಷ್ಯನನ್ನೇ ಸುಟ್ಟಂತೆ. ಆ ಹೆಸರನ್ನು ಇನ್ನು ಬಾಯಲ್ಲಿ ತರುವಂತಿಲ್ಲ, ತಂದರೆ ಹಾದಿ ತಪ್ಪಿದ ರೋಗಕ್ಕೆ ಮನೆ ತೋರಿಸಿದಂತೆ. ಹೀಗೆ ಮಗುಚಿಕೊಂಡವರು ಗುಳಿಗೆಗೆ ಬಂದಾಗ ನಾನು ಹೊಸ ಹೆಸರಿಗೆ ಹೊಸ ಹಾಳೆ ತೆರೆದೆ. ಹಳೇ ಹಾಳೆಯ ಪಕ್ಕ ಹೊಸ ಹೆಸರು ಬರೆಯಲು ನನ್ನ ಕೈ ಬರಲಿಲ್ಲ. ವರ್ಷದ ಕೊನೆಗೆ ಡಾಕ್ಟರು ಹಾಳೆ ಹಾಳೆ ತಿರುವಿ "ಇವರು ಇದ್ದಾರಾ?" ಎಂದು ಬೆರಳಿಟ್ಟು ಕೇಳುವರು. ಹಳೇ ಹೆಸರಿನ ಮೇಲೆ ಬೆರಳಿಟ್ಟರೂ "ಅದಾರ್ರಿ" ಎನ್ನುತ್ತಿದ್ದೆ. ಇದ್ದರಲ್ಲ! ಹೊಸ ಹೆಸರಿಗೂ "ಅದಾರ್ರಿ" ಎನ್ನುತ್ತಿದ್ದೆ. ಎರಡೂ ನಿಜವೇ. ಎರಡು ನಿಜ ಕೂಡಿ ಒಂದು ಸುಳ್ಳಾಗುತ್ತದೆಂದು ಹೊಳೆಯಲೇ ಇಲ್ಲ. ಸತ್ತವರಿಗೆ ಮಾತ್ರ ಹಳೇ ಹೆಸರೇ ಮರಳುತ್ತದೆ, ಅವರ ಹೊಸ ಹಾಳೆಯನ್ನು ತೆಗೆದುಬಿಡುತ್ತಿದ್ದೆ. ಆಪರೇಷನ್ ನಡೆಯುತ್ತಿದ್ದದ್ದು ಹೊಳೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ, ಎಷ್ಟು ಮಂದಿಯದು ನಡೆಯಿತೆಂಬ ಲೆಕ್ಕ ನಮ್ಮಲ್ಲಿ ಇರಲಿಲ್ಲ.

ಆಸ್ಪತ್ರೆಯ ಮೂಲೆಯ ಸಣ್ಣ ಲಿಂಗದ ಮುಂದೆ ಹೋಗಿ ಕೂತೆ. ಮಂತ್ರ ಬಾಯಿಗೆ ಬರಲಿಲ್ಲ, ಬರೀ ಅಂಕಿ ಬಂತು. ಎದ್ದು ಡಾಕ್ಟರ ಕೋಣೆಗೆ ಹೋದೆ.

"ಅಮ್ಮಾವ್ರ, ಆ ನೂರಾ ಹದಿನೈದು ಮಂದಿ ಇಲ್ರಿ."

"ಇಲ್ಲ ಅಂದರೆ? ತೀರಿಕೊಂಡರಾ?"

"ಹುಟ್ಟೇ ಇಲ್ರಿ. ಇದ್ದವರು ಎಂಬತ್ನಾಕು ಮಂದಿ. ಬದುಕಿದ ಮೂವತ್ತೊಂದು ಮಂದೀನ ನಾನು ಎರಡೆರಡು ಸಲ ಬರದೀನಿ."

ಎಲ್ಲ ಹೇಳಿದೆ. ಅವರು ಔಷಧದ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಭಾಗಾಕಾರ ಮಾಡಿದರು. ಒಮ್ಮೆ ಮಾಡಿ, ಅಳಿಸಿ, ಮತ್ತೆ ಮಾಡಿದರು.

"ಮೂವತ್ತೇಳು" ಎಂದರು. "ಗುಳಿಗೆಯಿಂದ ಏನೂ ಆಗಿಲ್ಲ. ಬದುಕಿದವರು ಎರಡು ಸಲ, ಸತ್ತವರು ಒಂದೇ ಸಲ."

"ತಪ್ಪು ನಂದು ಅಮ್ಮಾವ್ರ. ಹಳೇ ಹೆಸರು ಬಾಯಾಗ ತರಬಾರದು ಅಂತ…"

"ನೀನು ಹೇಳಲಿಲ್ಲ, ಸರಿ. ನಾನೂ ಕೇಳಲಿಲ್ಲ." ಅವರು ಕಿಟಕಿಯ ಕಡೆ ತಿರುಗಿದರು. "ಹಳದಿ ಮುಖ ಹೋಗಿ ಮೈ ತುಂಬಿಕೊಂಡು ಬಂದರೆ ಗುರುತು ಸಿಗುವುದಿಲ್ಲ ನಿಜ. ಆದರೂ ಎಷ್ಟೋ ಸಲ ಇವರನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತಿತ್ತು ಪರ್ವತಯ್ಯ. ಕೇಳಬಹುದಿತ್ತು. ನೀರು ಏರುತ್ತಿತ್ತಲ್ಲ, ಕೇಳಲಿಲ್ಲ."

ಅರವತ್ತೊಂದು ವರ್ಷದ ಆ ಹೆಂಗಸು ಅಂದು ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಮಧ್ಯಾಹ್ನದೊಳಗೆ ಕಾಗದ ಬರೆದು ಮುಗಿಸಿದರು: ನನ್ನ ಲೇಖನ ತಪ್ಪು, ಹಿಂತೆಗೆದುಕೊಳ್ಳುತ್ತೇನೆ, ಇದನ್ನು ಅಚ್ಚಿಗೂ ಕೊಡಿ, ನಿಮ್ಮ ನಾನೂರು ಮಂದಿಯ ಸ್ಕ್ಯಾನು ನಿಲ್ಲಿಸಬೇಡಿ. ಓದಿ ನೋಡಿ, ಮಡಿಸಿ ಮೇಜಿನ ಮೇಲಿಟ್ಟರು.

"ಬರೀ ಇಷ್ಟನ್ನೇ ಕಳಿಸಿದರೆ ಮುದುಕಿಗೆ ಅರಳುಮರಳು ಅನ್ನುತ್ತಾರೆ. ಸಾವಿರ ಮಂದಿ ಒಪ್ಪಿದ್ದನ್ನು ಒಬ್ಬಳು ಅಲ್ಲಗಳೆದರೆ ಯಾರು ಕೇಳುತ್ತಾರೆ? ದೊಡ್ಡಾಸ್ಪತ್ರೆಯ ಹಳೇ ಪುಸ್ತಕ ತೆಗೆಸಬೇಕೆಂದರೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಆಪರೇಷನ್ ನಂಬರು ಇರುವುದು ಅವರು ಕೊಟ್ಟ ಚೀಟಿಯ ಮೇಲೆ ಮಾತ್ರ. ಹಳೇ ಹೆಸರಿನ ಚೀಟಿ ಒಂದೇ ಒಂದು ಸಿಕ್ಕರೂ ಸಾಕು, ಹೊಸ ಹೆಸರಿನ ಹಾಳೆಯ ಜೊತೆ ಲಗತ್ತಿಸಿ ಕಳಿಸುತ್ತೇನೆ. ಒಂದೇ ಆಪರೇಷನ್ ಎರಡು ಹೆಸರಿನಲ್ಲಿ ಎಣಿಕೆಯಾದದ್ದು ಕಂಡರೆ ಅವರು ತಡೆದು ವಿಚಾರಿಸಲೇಬೇಕು."

"ಅವು ಗೋಡಿಯಾಗ ಅದಾವ್ರಿ."

"ಗೊತ್ತಾಯಿತು. ಹೋಗಿ ಕೇಳು."

ಗುರುವಾರವೆಲ್ಲ ಕೇಳಿದೆ. ಆ ಮೂವತ್ತೊಂದು ಮಂದಿಯಲ್ಲಿ ಈಗ ಉಳಿದವರು ಹತ್ತೊಂಬತ್ತು. ತಿಪ್ಪಣ್ಣ ನನ್ನ ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡ. ಗುಂಡಪ್ಪ ಕಾಲಿಗೆ ಬಿದ್ದು "ಅಪ್ಪಾ, ನಾ ನಿನಗೇನು ಅನ್ಯಾಯ ಮಾಡೀನಿ?" ಎಂದು ಅತ್ತ. ಅವರನ್ನು ನಾನು ಬೈಯಲಾರೆ. ನನ್ನ ಹೆಂಡತಿಯ ಹಳೇ ಹೆಸರೂ ನಮ್ಮ ಗೋಡೆಯಲ್ಲಿತ್ತು, ಬೇರೆ ಕಾಯಿಲೆಯದು. ನನ್ನನ್ನು ಯಾರಾದರೂ ಅದನ್ನು ಒಡೆಯೆಂದರೆ ಒಡೆಯುತ್ತಿದ್ದೆನೆಂದು ದೇವರ ಮುಂದೆ ಹೇಳಲಾರೆ.

ಸಂಜೆ ಡಾಕ್ಟರ ಹಿತ್ತಲಿಗೆ ಓಣಿಯೆಲ್ಲ ನೆರೆಯಿತು. ಚೀಟಿಯ ಸುದ್ದಿಯ ಬೆನ್ನಿಗೆ ನೀರಿನ ಸುದ್ದಿಯೂ ಹಬ್ಬಿತ್ತು. ಎಲ್ಲರ ಮುಂದೆ ನಿಂತವಳು ಕಲ್ಲವ್ವ, ನೀಲಿ ಬಣ್ಣ ಕಟ್ಟುವವಳು. ಮೊಳಕೈವರೆಗೆ ನೀಲಿಯಾದ ಅವಳ ಕೈ ಎಷ್ಟು ತೊಳೆದರೂ ಬಿಡದು. ಹತ್ತೊಂಬತ್ತು ಮಂದಿಯಲ್ಲಿ ಅವಳೂ ಒಬ್ಬಳು. ಅವಳ ಪಕ್ಕ ಅಡಿವೆಪ್ಪಜ್ಜ, ಸಾವಿನ ಮನೆಯಲ್ಲೂ ನಗಿಸುವವನು.

"ಏನೋ ಪರ್ವತಯ್ಯ," ಎಂದ ಅಡಿವೆಪ್ಪ, "ನೀ ಒಂದನ್ನ ಎರಡು ಬರಿಯಾಂವ ಅಂತ ಗೊತ್ತಿದ್ರ ನನ್ನ ಹೊಲದ ಕಾಗದ ನಿನ್ನ ಕಡೆನೇ ಬರಸ್ತಿದ್ನಲ್ಲೋ!"

ಯಾರೋ ನಕ್ಕರು. ಕಲ್ಲವ್ವ ನಗಲಿಲ್ಲ.

"ನಗೂ ಮಾತಲ್ಲ ಯಜ್ಜ. ಡಾಕ್ಟರವ್ವ, ಒಂದು ಕೇಳ್ತೀನಿ. ನೀವು ತಪ್ಪಾತು ಅಂತ ಬರದ್ರ ನೀರು ಹೊಕ್ಕೈತಿ, ಹೌದಲ್ಲೋ?"

"ಹೋಗುತ್ತದೆ ಕಲ್ಲವ್ವ."

"ಎಷ್ಟು ಉಳಿತೈತಿ?"

"ಅರವತ್ತು ಬೆರಳು. ಅಷ್ಟು ಮಾತ್ರ ನನ್ನದು."

"ಅರವತ್ತು ಬೆರಳು! ನನ್ನ ಒಂದು ಹಂಡೇಕ ಸಾಲೂದಿಲ್ಲ. ನಲವತ್ತು ಮನಿ ಮಂದಿ ಮತ್ತ ಹೊಳಿಗೆ ಹೋಗ್ಬೇಕು. ನನಗ ಈಗ ಐವತ್ತೆಂಟು. ಯಾಕ? ಯಾವದೋ ಊರಾಗಿನ ನಾನೂರು ಮಂದಿ ಸಲುವಾಗಿ. ಅವರನ್ನ ನೀವು ಕಂಡೀರೇನು? ನಾವು ಕಣ್ಣ ಮುಂದ ಅದೀವಿ. ನೀರೂ ಕಸಗೋತೀರಿ, ಗೋಡಿ ಒಡದು ಹಳೇದನ್ನೂ ತಗೀರಿ ಅಂತೀರಿ. ಆಮ್ಯಾಲ ನಮಗ ಉಳಿಯೂದೇನು?"

"ಹೌದು, ಹೇಳ್ರಿ!" ಎಂದಿತು ಗುಂಪು.

ಡಾಕ್ಟರು ಬಾವಿಯ ಕಟ್ಟೆ ಹಿಡಿದು ನಿಂತರು. "ನೀವು ಚೀಟಿ ಕೊಡದಿದ್ದರೂ ನಾನು ಕಾಗದ ಹಾಕುತ್ತೇನೆ. ನೀರು ಹೋಗೇ ಹೋಗುತ್ತದೆ. ಅವರು ನಂಬುವುದು ಬಿಡುವುದು ಬೇರೆ ಮಾತು. ನನ್ನನ್ನು ಬೈಯಿರಿ, ಪರ್ವತಯ್ಯನನ್ನು ಬೈಯಬೇಡಿ."

"ಇಬ್ಬರನ್ನೂ ಬೈತೀವಿ ತಗೋರಿ" ಎಂದ ಅಡಿವೆಪ್ಪ. ಈ ಸಲ ಅವನ ದನಿಯಲ್ಲಿ ನಗೆಯಿರಲಿಲ್ಲ. ಕೊಡ ತಂದವರು ಕೊಡ ತುಂಬಿಸಿಕೊಂಡರು, ಕೊಡ ತರದವರು ಮನೆಗೆ ಹೋಗಿ ತಂದು ತುಂಬಿಸಿಕೊಂಡರು. ಕತ್ತಲಾಗುವವರೆಗೂ ರಾಟೆ ಕಿರುಗುಟ್ಟಿತು. ಯಾರೂ ಡಾಕ್ಟರ ಮುಖ ನೋಡಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಡಾಕ್ಟರು ನನ್ನನ್ನು ಕರೆದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಒಂದರ ಮೇಲೆ ಕಲ್ಲವ್ವ ಎಂದಿತ್ತು. ಇನ್ನೊಂದರ ಹೆಸರಿನ ಮೇಲೆ, ನನ್ನ ಸಂಕಟ ನೋಡಲಾರದೆ, ಅವರು ಕಾಗದದ ಪಟ್ಟಿಯೊಂದನ್ನು ಇಟ್ಟಿದ್ದರು. "ನಡಿ, ಅವಳಿಗೆ ಒಂದು ಮಾತು ಹೇಳಬೇಕು. ಅವಳೊಬ್ಬಳಿಗೇ."

ಕಲ್ಲವ್ವ ತನ್ನ ಅಂಗಳದಲ್ಲಿ ಹಂಡೆಯ ಮುಂದೆ ಕೂತು ನೂಲಿನ ಲಡಿಯನ್ನು ಅದ್ದಿ ಎತ್ತುತ್ತಿದ್ದಳು. ನಮ್ಮನ್ನು ಕಂಡೂ ಕಾಣದವಳಂತೆ ಇದ್ದಳು. ಡಾಕ್ಟರು ನೆಲದ ಮೇಲೇ ಕೂತರು. ನಾನು ಬೇಲಿಯ ಹತ್ತಿರ ನಿಂತೆ.

"ನೀರಿನ ಮಾತಾಡಲು ಬಂದಿಲ್ಲ ಕಲ್ಲವ್ವ. ನಿನ್ನ ಮೊದಲಿನ ಹಾಳೆ ನೋಡಿದೆ. ಆಪರೇಷನ್ ಆಗಿ ಒಂಬತ್ತು ತಿಂಗಳಿಗೆ ನಿನಗೆ ಮತ್ತೆ ಗಡ್ಡೆ ಬಂದಿತ್ತು. ನೆನಪಿದೆಯಾ?"

ಲಡಿ ನೀರಿನಲ್ಲೇ ನಿಂತಿತು.

"ಆಗಿನ್ನೂ ನಾನು ಆ ಲೇಖನ ಬರೆದಿರಲಿಲ್ಲ. ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಸ್ಕ್ಯಾನ್ ಮಾಡುತ್ತಿದ್ದೆವು. ಮೂರನೇ ಸಲಕ್ಕೆ ಸಿಕ್ಕಿತು, ಹೆಸರುಕಾಳಿನಷ್ಟು. ಸೂಜಿ ಹಾಕಿ ಸುಟ್ಟೆವು. ವರ್ಷಕ್ಕೊಂದೇ ಸ್ಕ್ಯಾನ್ ಅಂದಿದ್ದರೆ ಇನ್ನೂ ಮೂರು ತಿಂಗಳು ಅದು ಒಳಗೇ ಕೂತಿರುತ್ತಿತ್ತು. ಅಷ್ಟರಲ್ಲಿ ನಿಂಬೆಕಾಯಿಯಷ್ಟಾಗುತ್ತಿತ್ತು. ಗುಡಿಯ ಮೆಟ್ಟಿಲವರೆಗೂ ನೀನು ಬರುತ್ತಿರಲಿಲ್ಲ."

ಮೂಡಗಾಳಿ ಬೇಲಿಯ ಮೇಲಿನ ನೂಲನ್ನು ಎಳೆದಾಡಿತು.

"ಆ ನಾನೂರು ಮಂದಿಯಾಗ…" ಎಂದು ಏನೋ ಕೇಳಹೊರಟ ಕಲ್ಲವ್ವ ನಿಲ್ಲಿಸಿದಳು. ಆಮೇಲೆ ಮುಖ ಎತ್ತದೆ, "ಹೋಗ್ರಿ ನೀವು. ಲಡಿ ಕೆಡತೈತಿ" ಎಂದಳು.

ಹಾದಿಯಲ್ಲಿ ನಾನು ಕೇಳಿದೆ, "ಕೊಡತಾಳಂತೀರೇನ್ರಿ?"

"ಗೊತ್ತಿಲ್ಲ. ಕೊಡಲಿ ಅಂತಲೇ ಹೇಳಿದೆನೋ, ಅವಳು ತಿಳಿದಿರಲಿ ಅಂತ ಹೇಳಿದೆನೋ, ಅದೂ ಗೊತ್ತಿಲ್ಲ."

ಶನಿವಾರ ಬೆಳಗ್ಗೆ ನಾನು ಬಾವಿ ಅಳೆಯಲು ಹೋಗಲಿಲ್ಲ. ನೇರ ಆಸ್ಪತ್ರೆಗೆ ಹೋದೆ. ಏಳೂವರೆಯಾಗಿತ್ತು. ಡಾಕ್ಟರು ಲಕೋಟೆಯನ್ನು ಅಂಟಿಸದೆ ಬಾಯಿ ತೆರೆದಿಟ್ಟುಕೊಂಡು ಕೂತಿದ್ದರು. ಅವರು ಗಡಿಯಾರ ನೋಡುತ್ತಿರಲಿಲ್ಲ, ನಾನು ಮಾತ್ರ ನೋಡುತ್ತಿದ್ದೆ. ಏಳೂ ಮುಕ್ಕಾಲಕ್ಕೆ ಟಪಾಲು ಗಾಡಿ ಸೇತುವೆ ದಾಟಿದ ಸದ್ದು ಕೇಳಿತು. ಡಾಕ್ಟರು ಅಂಟಿನ ಡಬ್ಬಿ ಹತ್ತಿರಕ್ಕೆಳೆದುಕೊಂಡರು.

ಬಾಗಿಲಲ್ಲಿ ಕಲ್ಲವ್ವ ನಿಂತಿದ್ದಳು. ತಲೆಯ ಮೇಲೆ ಸಿಂಬಿ, ಸೊಂಟದಲ್ಲಿ ಖಾಲಿ ಕೊಡ. ನೀಲಿ ಕೈಗಳಿಗೆ ಮೊಳಕೈವರೆಗೆ ಒಣಮಣ್ಣು ಮೆತ್ತಿತ್ತು, ಒಂದು ಬೆರಳಿನ ಉಗುರು ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಕೊಡವನ್ನು ಹೊಸ್ತಿಲ ಹೊರಗೇ ಇಟ್ಟು ಒಳಗೆ ಬಂದು, ಉಡಿಯಿಂದ ಮಡಿಸಿದ ಚೀಟಿಯೊಂದನ್ನು ತೆಗೆದು, ಊದಿ ಮಣ್ಣು ಹಾರಿಸಿ, ಮೇಜಿನ ಮೇಲಿಟ್ಟಳು.

"ಆಸ್ಪತ್ರಿದು" ಎಂದಳು. "ಹದಿನಾರು ವರ್ಷ ನಾ ಇಟಗೊಂಡಿದ್ದೆ."

ಡಾಕ್ಟರು ಎದ್ದು ನಿಂತರು. ನಾನು ಚೀಟಿ ಬಿಡಿಸಿದೆ. ಕಾಗದ ಹಪ್ಪಳದಂತಾಗಿತ್ತು. ನಂಬರು ಸ್ಪಷ್ಟವಾಗಿತ್ತು, ಅದರ ಮೇಲೆ ಹೆಸರೂ.

"ಬಾಯಿಲೆ ಓದಬ್ಯಾಡ ಪರ್ವತಯ್ಯ" ಎಂದಳು ಅವಳು. "ಬರಕೋ."

ಬರೆದುಕೊಂಡೆ. ಮನಸ್ಸಿನಲ್ಲಿ ಶಿವನಿಗೆ ಹೇಳಿದೆ, ಬರೆದದ್ದು ನಾನು, ಲೆಕ್ಕ ತಪ್ಪಿಸಿದವನೂ ನಾನು, ರೋಗ ಹಾದಿ ಕೇಳಿಕೊಂಡು ಬಂದರೆ ನನ್ನ ಮನೆಗೆ ಬರಲಿ. ಆ ಹೆಸರನ್ನು ನಿಮಗೂ ಹೇಳುವುದಿಲ್ಲ. ಅದು ಲಕೋಟೆಯೊಳಗೆ ಹೋಯಿತು, ಡಾಕ್ಟರು ಅಂಟಿಸಿದರು, ನಾನು ಓಡಿದೆ. ಗಾಡಿ ಹೊರಟಿತ್ತು, ಕೂಗಿ ನಿಲ್ಲಿಸಿ ಕೊಟ್ಟೆ.

ತಿರುಗಿ ನೋಡಿದಾಗ ಕಲ್ಲವ್ವ ಖಾಲಿ ಕೊಡವನ್ನು ಸಿಂಬಿಯ ಮೇಲೆ ಇಟ್ಟುಕೊಂಡು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದಳು. ಡಾಕ್ಟರ ಬಾವಿ ಇನ್ನೂ ತುಂಬಿಯೇ ಇತ್ತು. ಕಾಗದ ಮುಟ್ಟಿ ಅಚ್ಚಾಗುವವರೆಗೆ ಹತ್ತು ಹನ್ನೆರಡು ದಿನ ಇರುತ್ತಿತ್ತು. ಅವಳು ಆ ಕಡೆ ತಿರುಗಲಿಲ್ಲ, ಹೊಳೆಯ ಹಾದಿ ಹಿಡಿದಳು.